ನಾಲ್ಕನೇ ನಂಬರಿನ ಬಂಗುಡೆ

ಅಚ್ಯುತನ ಮೂಗು ಸುಳ್ಳು ಹೇಳುವುದಿಲ್ಲ. ಬಡಾಕೋಡಿ ಬಂದರಿನಲ್ಲಿ ಯಾರೂ ತಕರಾರು ತೆಗೆಯದ ಸಂಗತಿ ಅದೊಂದೇ. ಉಳಿದಂತೆ ದೋಣಿ ಕಟ್ಟುವ ಜಾಗಕ್ಕೆ, ಐಸಿನ ತೂಕಕ್ಕೆ, ಕೊನೆಗೆ ನಲ್ಲಿ ನೀರಿನ ಸರದಿಗೂ ಅಲ್ಲಿ ದಿನಾ ಜಗಳವೇ. ಆದರೆ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದು ಅಚ್ಯುತ ಒಮ್ಮೆ ಮೂಸಿ, 'ಬಲೆಗೆ ಬಿದ್ದು ಒಂಬತ್ತು ತಾಸಾಯ್ತು' ಎಂದರೆ ಮುಗಿಯಿತು, ಅದು ಒಂಬತ್ತೇ ತಾಸು. ಐವತ್ತೊಂಬತ್ತು ವರ್ಷದ ಈ ಮನುಷ್ಯ ಬೀಡಿ ಸೇದಲಿಲ್ಲ, ನಶ್ಯ ಏರಿಸಲಿಲ್ಲ, ಅತ್ತರು ಹಚ್ಚಿದವರ ಪಕ್ಕ ಬಸ್ಸಿನಲ್ಲಿ ಕೂರಲಿಲ್ಲ. ಎಲ್ಲ ಆ ಮೂಗಿಗಾಗಿ.

ಹಾಗಾಗಿ ಬಂದರಿಗೆ 'ಸರಪಳಿ' ಬಂದಾಗ ಕಂಪನಿಯವರು ಮೊದಲು ಸಂಬಳಕ್ಕೆ ಇಟ್ಟುಕೊಂಡದ್ದು ಅವನ ಮೂಗನ್ನೇ.

ಸರಪಳಿ ಎಂದರೆ ಬ್ಲಾಕ್‌ಚೈನ್. ಒಮ್ಮೆ ಬರೆದರೆ ಅಳಿಸಲಾಗದ, ಯಾರೊಬ್ಬರ ಕೈಯಲ್ಲೂ ಇಲ್ಲದ, ಸಾವಿರ ಕಂಪ್ಯೂಟರುಗಳು ಒಟ್ಟಿಗೆ ಕಾಯುವ ದಾಖಲೆ. ಆ ಸರಪಳಿಯೊಳಗೆ ಪ್ರತಿ ದೋಣಿಯ ಮಾಲೀಕನಿಗೂ, ಬುಟ್ಟಿ ಹೊತ್ತು ಮೀನು ಮಾರುವ ಪ್ರತಿ ಹೆಂಗಸಿಗೂ ಒಂದೊಂದು ತಂತ್ರಾಂಶದ ಪ್ರತಿನಿಧಿ. ಮಾಲೀಕನ ಪರವಾಗಿ ಅದೇ ಮಾರುತ್ತದೆ, ಹೆಂಗಸಿನ ಪರವಾಗಿ ಅದೇ ಕೊಳ್ಳುತ್ತದೆ. ಕೂಗಾಟವಿಲ್ಲ, ನೂಕುನುಗ್ಗಲಿಲ್ಲ. ಹೆಂಗಸರು ಅದಕ್ಕೆ 'ಬಾಯಿಲ್ಲದ ದಲ್ಲಾಳಿ' ಎಂದು ಹೆಸರಿಟ್ಟರು.

ಎಂಜಿನಿಯರ್ ಶ್ರೀನಿಧಿ ಮೈಸೂರಿನವನು. ಮೀನು ಹರಾಜಾಗುವ ಏಲಂ ಹಾಲ್‌ನಲ್ಲಿ ಮೈಕು ಹಿಡಿದು ಎಲ್ಲರಿಗೂ ಅರ್ಥವಾಗುವಂತೆ ಹೇಳಿದ್ದ. "ಹೆದರ್ಕೋಬೇಡಿ. ಮನೆ ಕೀ ಕೊಡ್ತೀರಾ, ಬೀರು ಕೀ ಕೊಡಲ್ಲ. ಅಷ್ಟೇ ಇದು. ಇದಕ್ಕೆ ನಾವು ಅಪ್ಪಣೆ ಅಂತೀವಿ. ನಿಮ್ಮ ಪ್ರತಿನಿಧಿ ಮೀನು ಬಿಟ್ಟು ಬೇರೇನೂ ಕೊಳ್ಳೋ ಹಾಗಿಲ್ಲ. ಈ ಬಂದರು ಬಿಟ್ಟು ಬೇರೆ ಕಡೆ ಹೋಗೋ ಹಾಗಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆ ಆದ್ಮೇಲೆ ಅದರ ಕೈ ಕಟ್ಟಿಹೋಗತ್ತೆ. ನೀವು ಹೇಳಿದ ಬೆಲೆ ಮೇಲೆ ಒಂದು ರೂಪಾಯಿನೂ ಜಾಸ್ತಿ ಹಾಕಲ್ಲ."

ಈ ಬೇಲಿಗಳಿಗೆ ಕಾರಣವಿತ್ತು. ಹಿಂದಿನ ವರ್ಷ ಇನ್ಯಾವುದೋ ಬಂದರಿನಲ್ಲಿ ಕಡಿವಾಣವಿಲ್ಲದ ದಲ್ಲಾಳಿಯೊಂದು ಒಂದೇ ಬೆಳಿಗ್ಗೆ ಮೂರು ಲಾರಿ ತೊರಕೆ ಮೀನು ಕೊಂಡು ಒಬ್ಬ ಬಡಪಾಯಿ ಹೆಂಗಸಿನ ತಲೆಗೆ ಕಟ್ಟಿತ್ತು. ಬೇಲಿ ಹಾಕಿದ ಮೇಲೆ ಇನ್ನೇನು ಭಯ ಎಂದು ಎಲ್ಲರೂ ಒಪ್ಪಿದರು. ಅಚ್ಯುತನ ಅಕ್ಕ ಮುತ್ತಕ್ಕನೂ ಒಪ್ಪಿದಳು.

ಇನ್ನು ಮೂಗಿನ ವಿಷಯ. ಮೀನಿನ ತಾಜಾತನ ಅಳೆಯಲು ಏಲಂ ಹಾಲ್‌ನ ತುಂಬ ಸಣ್ಣ ಪೆಟ್ಟಿಗೆಗಳನ್ನು ತೂಗುಹಾಕಿದ್ದರು. ಕೊಳೆಯುವ ಮೀನು ಬಿಡುವ ಅನಿಲವನ್ನು ಅವು ಹಿಡಿದು ನಂಬರು ಕೊಡುತ್ತವೆ. ಒಂದು ಎಂದರೆ ಈಗಷ್ಟೇ ಸಮುದ್ರದಿಂದ ಬಂದದ್ದು, ಐದು ಎಂದರೆ ಗೊಬ್ಬರಕ್ಕೆ. ನಂಬರು ಒಂದು ಏರಿದರೆ ಬೆಲೆ ಒಂದು ಮೆಟ್ಟಿಲು ಇಳಿಯಬೇಕು. ಆದರೆ ಉಪ್ಪುಗಾಳಿಗೆ ಈ ಪೆಟ್ಟಿಗೆಗಳು ದಿನ ಕಳೆಯುವುದರೊಳಗೆ ಮಂಕಾಗುತ್ತಿದ್ದವು. ಹಾಗಾಗಿ ದಿನಾ ಬೆಳಿಗ್ಗೆ ಆರೂವರೆಗೆ ಅಚ್ಯುತ ಮಹಡಿಯ ಕಂಟ್ರೋಲ್ ರೂಮಿಗೆ ಹೋಗಿ, ತಟ್ಟೆಯಲ್ಲಿಟ್ಟ ಮೂರು ಮೀನುಗಳನ್ನು ಮೂಸಿ ನಂಬರು ಹೇಳಬೇಕು. ಪೆಟ್ಟಿಗೆಗಳು ಅವನ ಮಾತನ್ನು ನೋಡಿ ತಮ್ಮನ್ನು ತಾವು ತಿದ್ದಿಕೊಳ್ಳುತ್ತವೆ.

ಮೊದಲ ತಿಂಗಳು ಹಳೆಯ ಕೂಗಾಟದ ಹರಾಜೂ ಜೊತೆಗಿತ್ತು, ಎಲ್ಲ ಚೆನ್ನಾಗಿತ್ತು. ಎರಡನೆಯ ತಿಂಗಳಿಗೆ ಬಂದರು ನಾರತೊಡಗಿತು.

ಮೀನು ಬಂದರಿನಲ್ಲಿ ಮೀನಿನ ವಾಸನೆ ಇರುವುದು ಸಹಜವಲ್ಲವೇ ಎನ್ನಬೇಡಿ. ಹಸಿ ಮೀನಿನ ವಾಸನೆ ಬೇರೆ, ಅದು ಸಮುದ್ರದ್ದೇ ವಾಸನೆ. ಇದು ಹೆಣದ ನಾತ. ಬೆಳಿಗ್ಗೆ ಆರಕ್ಕೆ ಇಳಿದ ಬಂಗುಡೆ ಮೀನು ತಗಡಿನ ಮಾಡಿನಡಿ ಹನ್ನೊಂದೂವರೆವರೆಗೂ ಕಾಯುತ್ತಿತ್ತು. ಐಸು ಕರಗಿ, ರಕ್ತ ಬೆರೆತ ನೀರು ಮೀನಿನ ಪೆಟ್ಟಿಗೆಯಿಂದ ತೊಟ್ಟಿಕ್ಕಿ, ಆ ನೀರಿಗೆ ಹಸಿರು ನೊಣ ಮುತ್ತಿ, ಕಾಲಿಟ್ಟಲ್ಲೆಲ್ಲ ಪಿಚಕ್ ಎನ್ನುತ್ತಿತ್ತು. ಇನ್ನೊಂದಿಷ್ಟು ಐಸು ಹಾಕುವುದಕ್ಕೇನು ಎಂದು ಅಚ್ಯುತ ಕೇಳಿದರೆ ಶ್ರೀನಿಧಿ ಪರದೆ ತೋರಿಸಿದ. ಮೀನು ಬಿಟ್ಟು ಬೇರೇನೂ ಕೊಳ್ಳಲು ಪ್ರತಿನಿಧಿಗೆ ಅಪ್ಪಣೆಯಿಲ್ಲ. ಐಸು ಮೀನಲ್ಲ.

ಹನ್ನೊಂದೂ ನಲವತ್ತಕ್ಕೆ, ನಂಬರು ನಾಲ್ಕು ತೋರಿಸಿದ ಕ್ಷಣಕ್ಕೆ, ಇನ್ನೂರು ವ್ಯಾಪಾರಗಳು ಒಂದೇ ಉಸಿರಿಗೆ ಕುದುರುತ್ತಿದ್ದವು. ಪರದೆಯ ಮೇಲೆ ಹಸಿರು ಚುಕ್ಕಿಗಳ ಜಾತ್ರೆ.

ಮನೆಯಲ್ಲಿ ಮುತ್ತಕ್ಕ ಬುಟ್ಟಿಯನ್ನು ಅಂಗಳದಲ್ಲಿ ಕುಕ್ಕಿದಳು. ಹೆಂಡತಿ ತೀರಿಕೊಂಡ ಮೇಲೆ ಅಚ್ಯುತ ಅಕ್ಕನ ಮನೆಯಲ್ಲೇ ಇದ್ದ. "ಕಾಣ್ ಮರಾಯ, ಕಾಣ್! ಕಣ್ಣೆಲ್ಲ ಒಳಗ್ ಹೋಯ್ತ್, ಹೊಟ್ಟಿ ಒಡ್ದಿತ್ತ್. ಇದನ್ನ ನಾ ಯಾರಿಗ್ ಮಾರುದ್? ನಲ್ವತ್ ವರ್ಷ ಆಯ್ತ್ ನಾ ಬುಟ್ಟಿ ಹೊತ್ತ್. ಮುತ್ತಕ್ಕನ ಮೀನ್ ಅಂದ್ರೆ ಮೂಸುದೇ ಬ್ಯಾಡ ಅಂತಿದ್ರ್ ಜನ."

"ಅಕ್ಕ, ನೀನ್ ಆ ದಲ್ಲಾಳಿಗ್ ಎಂತ ಬೆಲೆ ಹೇಳಿದ್ದೆ? ಹೆಚ್ಚಂದ್ರೆ ಕಿಲೋಗ್ ಎಷ್ಟ್ ಕೊಡ್ತೆ ಅಂತ ಕೇಳಿತ್ತಲ್ದಾ?"

"ನೂರಿಪ್ಪತ್ತ್."

"ಆದ್ರೆ ನೀನ್ ನೂರೆಂಬತ್ತ್ ಕೊಡುಕೆ ತಯಾರಿದ್ದೆ!"

"ಹೌದ್. ಆದ್ರೆ ಹಾಂಗಂತ ಮೊದ್ಲೇ ಬಾಯ್ ಬಿಡ್ತ್ರಾ ಯಾರಾದ್ರೂ?" ಮುತ್ತಕ್ಕ ತಮ್ಮನನ್ನು ಪೆದ್ದನಂತೆ ನೋಡಿದಳು.

ಅಚ್ಯುತ ಅಲ್ಲೇ ಜಗಲಿಯಲ್ಲಿ ಕುಳಿತುಬಿಟ್ಟ. ತಲೆಮಾರುಗಳಿಂದ ಈ ದಂಡೆಯಲ್ಲಿ ನಡೆದು ಬಂದದ್ದು ಅದೇ. ಕೊಳ್ಳುವವಳು ಅರ್ಧ ಹೇಳುತ್ತಾಳೆ, ಮಾರುವವನು ಎರಡರಷ್ಟು ಹೇಳುತ್ತಾನೆ, ಬೈದಾಡಿ, ಬೆನ್ನು ತಿರುಗಿಸಿ, ಮತ್ತೆ ಕರೆದು, ಕೊನೆಗೆ ನಡುವೆ ಎಲ್ಲೋ ಬಂದು ನಿಲ್ಲುತ್ತಾರೆ. ತನ್ನ ಪರವಾಗಿ ಕೆಲಸ ಮಾಡುವ ದಲ್ಲಾಳಿ ನಿಜವಾದ ಬೆಲೆ ಕೇಳಿದಾಗ ಬಡಾಕೋಡಿಯ ಅಷ್ಟೂ ಹೆಂಗಸರು ಅದರ ಜೊತೆಯೇ ಚೌಕಾಸಿಗೆ ಇಳಿದಿದ್ದರು. ದೋಣಿ ಮಾಲೀಕರೂ ಕಮ್ಮಿಯಿಲ್ಲ, ಒಂದನೇ ನಂಬರಿನ ಬಂಗುಡೆಗೆ ಇನ್ನೂರೈವತ್ತಕ್ಕಿಂತ ಕೆಳಗೆ ಬೇಡ ಎಂದಿದ್ದರು. ದಲ್ಲಾಳಿಗಳು ಅದನ್ನೇ ಸತ್ಯವೆಂದು ನಂಬಿದವು. ಅವುಗಳಿಗೆ ಬೈದಾಡಲು ಬಾಯಿಲ್ಲ, ತಿರುಗಿಸಲು ಬೆನ್ನಿಲ್ಲ. ನೂರಿಪ್ಪತ್ತಕ್ಕೂ ಇನ್ನೂರೈವತ್ತಕ್ಕೂ ನಡುವಿನ ಕಂದಕವನ್ನು ತುಂಬಲು ಅವುಗಳಿಗೆ ಸಿಕ್ಕ ಒಂದೇ ಒಂದು ದಾರಿ, ಮೀನು ಕೊಳೆಯುವವರೆಗೆ ಕಾಯುವುದು. ಅಪ್ಪಣೆ ಮೀರಲಿಲ್ಲ, ಮೋಸ ಮಾಡಲಿಲ್ಲ. ಅಪ್ಪಣೆಯೊಳಗೆ ಬರುವಷ್ಟು ಮೀನನ್ನು ಹಾಳು ಮಾಡಿದವು.

ಎರಡೂ ಕಡೆಯವರ ಸುಳ್ಳು ಸೇರಿ ಹುಟ್ಟಿದ ಹುಳ ಇದು ಎಂದು ಅವನಿಗೆ ಹೇಸಿಗೆಯಾಯಿತು.

ಆ ವಾರವೇ ಅನಾಹುತವಾಯಿತು. ಮುತ್ತಕ್ಕನ ಬಂಗುಡೆ ತಿಂದ ಒಬ್ಬ ಮೇಷ್ಟ್ರ ಮನೆಯ ನಾಲ್ವರಿಗೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿ ಶುರುವಾಯಿತು. ಬಿಸಿಲಿಗೆ ಕಾದ ಬಂಗುಡೆಯಲ್ಲಿ ಹುಟ್ಟುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಅವರೇನೋ ಚೇತರಿಸಿಕೊಂಡರು. ಮುತ್ತಕ್ಕನ ಹೆಸರು ಚೇತರಿಸಿಕೊಳ್ಳಲಿಲ್ಲ. ಹದಿನೈದು ದಿನದಲ್ಲಿ ಆಹಾರ ಅಧಿಕಾರಿ ಬಂದು ತಪಾಸಣೆ ಮಾಡುತ್ತಾರೆ, ಅಷ್ಟರೊಳಗೆ ಮತ್ತೆ ಹಾಳು ಮೀನು ಮಾರಿದ್ದು ಕಂಡರೆ ಮಾರ್ಕೆಟ್ಟಿನ ಕಟ್ಟೆಯಲ್ಲಿರುವ ಅವಳ ಜಾಗ ಹೋಯಿತು ಎಂದು ನೋಟಿಸು ಬಂತು. ಆ ಜಾಗದಲ್ಲಿ ಅವಳ ತಾಯಿ ಕೂತಿದ್ದಳು, ತಾಯಿಯ ತಾಯಿ ಕೂತಿದ್ದಳು. ಕಲ್ಲು ಅವರೆಲ್ಲರ ಸೀರೆಗೆ ಉಜ್ಜಿ ನುಣ್ಣಗಾಗಿತ್ತು.

ಮುತ್ತಕ್ಕ ಅಳಲಿಲ್ಲ. ಬೂದಿ ಹಾಕಿ ಕೈ ಉಜ್ಜಿದಳು, ಹುಣಸೆಹಣ್ಣು ಹಾಕಿ ಉಜ್ಜಿದಳು, ಆಮೇಲೆ ಮೂಸಿ ನೋಡಿ ಮತ್ತೆ ಉಜ್ಜಿದಳು. "ಹೋತಿಲ್ಲ ಅಚ್ಚು, ಈ ನಾತ ಹೋತಿಲ್ಲ," ಎಂದಳು. ಅವಳ ಕೈಯಲ್ಲಿ ನಾತವಿರಲಿಲ್ಲ. ಅಚ್ಯುತನ ಮೂಗಿಗೆ ಅದು ಗೊತ್ತಿತ್ತು, ಆದರೆ ಹೇಳಿದರೂ ಅವಳು ನಂಬಲಿಲ್ಲ.

ಮೊದಲು ಅವನು ನೆಟ್ಟಗಿನ ದಾರಿಯನ್ನೇ ಹಿಡಿದ. ಕಟ್ಟೆಗೆ ಹೋಗಿ ಹೆಂಗಸರಿಗೆಲ್ಲ ಬಿಡಿಸಿ ಹೇಳಿದ. ದಲ್ಲಾಳಿಗೆ ನಿಜ ಹೇಳಿ, ಅದು ನಿಮ್ಮದೇ ದಲ್ಲಾಳಿ, ನಿಮ್ಮ ಗುಟ್ಟು ಆಚೆ ಹೋಗುವುದಿಲ್ಲ. ಅವರು ನಕ್ಕರು. ನಿಂಗೆ ಮಾಲೀಕರು ಎಷ್ಟು ಕೊಟ್ಟರು ಎಂದು ಒಬ್ಬಳು ಕೇಳಿಯೂಬಿಟ್ಟಳು. ಮುತ್ತಕ್ಕನೊಬ್ಬಳು ನೂರೆಂಬತ್ತಕ್ಕೆ ಏರಿಸಿದಳು, ಆದರೆ ಆಚೆ ಕಡೆ ಇಳಿಯದೆ ಅದಕ್ಕೆ ಮೂರನೇ ನಂಬರಿನ ಮೀನು ಬಿಟ್ಟು ತಾಜಾ ಮೀನು ಸಿಗುವಂತಿರಲಿಲ್ಲ.

ಅಚ್ಯುತ ಮಾಲೀಕರ ಸಂಘದ ಭೋಜಣ್ಣನ ಬಳಿ ಹೋದ. ಭೋಜಣ್ಣ ಕುರ್ಚಿಯಿಂದ ಏಳಲಿಲ್ಲ.

"ಹೆಂಗಸ್ರ್ ಮೊದ್ಲ್ ಏರಿಸ್ಲಿ. ಆಮೇಲ್ ಕಾಂಬ."

"ಅವ್ರ್ ನೀವ್ ಮೊದ್ಲ್ ಇಳ್ಸಿ ಅಂತ್ರ್, ಭೋಜಣ್ಣ. ಮೀನ್ ಕೊಳಿತ್ತಾ ಇತ್ತ್ ಮರ್ರೆ. ಜನ ಆಸ್ಪತ್ರಿ ಸೇರಿದ್ರ್."

"ಕೊಳೀಲಿ. ಕೊಳ್ತ್ರೂ ನಂಗ್ ನೂರಿಪ್ಪತ್ತ್ ಸಿಕ್ಕತ್ತಲ್ದಾ? ತಿಂದವ್ರ್ ನನ್ ಮನೆಯವ್ರಲ್ಲ."

ಅಚ್ಯುತ ಎದ್ದು ಬಂದ. ಬಾಗಿಲ ಹೊರಗೆ ಉಗುಳಿದ. ಜನ್ಮದಲ್ಲಿ ಅವನು ಇನ್ನೊಬ್ಬರ ಅಂಗಳದಲ್ಲಿ ಉಗುಳಿದ್ದು ಅದೇ ಮೊದಲು.

ಉಳಿದವನು ಶ್ರೀನಿಧಿ. ಹುಡುಗ ಕೆಟ್ಟವನಲ್ಲ. ಎಲ್ಲವನ್ನೂ ಕೇಳಿಸಿಕೊಂಡ, ಟಿಪ್ಪಣಿಯನ್ನೂ ಮಾಡಿಕೊಂಡ. "ಅಚ್ಯುತ ಅವ್ರೆ, ನೀವು ಹೇಳೋದು ಅರ್ಥ ಆಗತ್ತೆ. ಆದ್ರೆ ಅವರವರ ಬೆಲೆ ಅವರೇ ಬದಲಾಯಿಸ್ಬೇಕು. ನಾನು ಕೈ ಹಾಕಿದ್ರೆ ಇದು ಸುರಕ್ಷಿತ ಅನ್ನೋದಕ್ಕೆ ಅರ್ಥಾನೇ ಇರಲ್ಲ. ನೋಡಿ, ಒಂದೇ ಒಂದು ಅಪ್ಪಣೆ ಉಲ್ಲಂಘನೆ ಆಗಿಲ್ಲ. ನೂರಕ್ಕೆ ನೂರು."

ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ, ಏಸಿ ಹಾಕಿದ, ಮೂಲೆಯಲ್ಲಿ ನಿಂಬೆಯ ಪರಿಮಳ ಚಿಮ್ಮಿಸುವ ಡಬ್ಬಿಯಿದ್ದ ಕೋಣೆ ಅದು. ಅಲ್ಲಿ ಕೂತವನಿಗೆ ಕೆಳಗಿನ ನಾತ ಬಡಿಯುವುದಾದರೂ ಹೇಗೆ? ನೂರಕ್ಕೆ ನೂರು ಎಂಬ ಆ ಮಾತು ಅಚ್ಯುತನಿಗೆ ಕೊಳೆತ ಮೀನಿಗಿಂತ ಹೆಚ್ಚು ವಾಕರಿಕೆ ತಂದಿತು.

ಮರುದಿನ ಬೆಳಿಗ್ಗೆ ಆರೂವರೆಗೆ ಮೂರು ಬಂಗುಡೆ ತಟ್ಟೆಯಲ್ಲಿ ಬಂದವು. ಮೂರೂ ಅಂದೇ ಇಳಿದವು. ಕಿವಿರು ದಾಸವಾಳದಂತೆ ಕೆಂಪು, ಕಣ್ಣು ಹೊಳೆಯುತ್ತಿತ್ತು, ಬೆರಳಿಟ್ಟರೆ ಮೈ ಪುಟಿಯುತ್ತಿತ್ತು. ಅಚ್ಯುತ ಬಗ್ಗಿ ಮೂಸಿದ. ಇನ್ನೊಮ್ಮೆ ಮೂಸಿದ.

"ನಾಲ್ಕು," ಎಂದ.

"ಮೂರೂನಾ?" ಶ್ರೀನಿಧಿ ತಲೆಯೆತ್ತದೆ ಕೇಳಿದ.

"ಮೂರೂ ನಾಲ್ಕೇ ಸಾರ್."

ಶ್ರೀನಿಧಿ ಗುಂಡಿ ಒತ್ತಿದ. ಕೆಳಗೆ ತೂಗುತ್ತಿದ್ದ ಪೆಟ್ಟಿಗೆಗಳೆಲ್ಲ ಅಚ್ಯುತನ ಮಾತನ್ನು ನಂಬಿದವು. ಆರೂ ನಲವತ್ತಕ್ಕೆ ಇನ್ನೂರು ವ್ಯಾಪಾರ ಮುಗಿದವು. ಏಳು ಗಂಟೆಗೆ ಮುತ್ತಕ್ಕ ಬುಟ್ಟಿಯಲ್ಲಿ ಜೀವವಿದ್ದಂತಿದ್ದ ಬಂಗುಡೆ ಹೊತ್ತು ಮಾರ್ಕೆಟ್ಟಿಗೆ ನಡೆದಳು. ಯಾರಿಗೂ ನಷ್ಟವಾಗಲಿಲ್ಲ. ಕೊಳೆತ ಮೇಲೆ ಸಿಗುತ್ತಿದ್ದ ಅದೇ ನೂರಿಪ್ಪತ್ತು ಭೋಜಣ್ಣನಿಗೆ ಕೊಳೆಯುವ ಮೊದಲೇ ಸಿಕ್ಕಿತು. ಒಂದನೇ ನಂಬರಿನ ಮೀನಿಗೆ ನಾಲ್ಕನೇ ನಂಬರಿನ ಬೆಲೆ ಬಂತಲ್ಲ ಎಂದು ಅವನು ಮೀನಿನ ಪೆಟ್ಟಿಗೆ ತೆರೆದು ನೋಡಿದ್ದರೆ ತಿಳಿಯುತ್ತಿತ್ತು. ದಲ್ಲಾಳಿ ಬಂದಮೇಲೆ ಭೋಜಣ್ಣ ದೋಣಿ ಕಟ್ಟುವ ದಕ್ಕೆಗೆ ಇಳಿಯುವುದನ್ನೇ ಬಿಟ್ಟಿದ್ದ.

ನೊಣ ಹೋದವು. ನೆಲ ಒಣಗಿತು. ಮೇಲಿನ ಕೋಣೆಯ ಪರದೆಯಲ್ಲಿ ಕಾಯುವ ಸಮಯ ಬರೀ ಹತ್ತು ನಿಮಿಷ ಎಂದು ತೋರಿಸಿತು, ಶ್ರೀನಿಧಿಗೆ ಮೇಲಿನವರಿಂದ ಶಹಬ್ಬಾಸ್‌ಗಿರಿಯೂ ಬಂತು. ಅಚ್ಯುತ ಮಾತ್ರ ದಿನಾ ಬೆಳಿಗ್ಗೆ 'ನಾಲ್ಕು' ಎನ್ನುವಾಗ ನಾಲಗೆಯ ಮೇಲೆ ಏನೋ ಅಂಟಿದಂತೆ ಮುಖ ಕಿವುಚುತ್ತಿದ್ದ. ಮೂಗಿಗೆ ದೇವರು ಕೊಟ್ಟ ವರವನ್ನು ಬಾಯಲ್ಲಿ ಹೊಲಸು ಮಾಡುತ್ತಿದ್ದೇನೆ ಎಂದು ಅನಿಸುತ್ತಿತ್ತು. ಮುತ್ತಕ್ಕ ಬಂಗುಡೆ ಪುಳಿಮುಂಚಿ ಸಾರು ಮಾಡಿ ಬಡಿಸಿದರೆ ಅವನು ಮೀನನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ.

"ಎಂತ ಆಯ್ತ್ ನಿಂಗೆ? ಮೀನ್ ಒಳ್ಳೆದಿತ್ತಲ್ದಾ?"

"ಒಳ್ಳೆದಿತ್ತ್ ಅಕ್ಕ. ಅದೇ ಕಷ್ಟ."

ಹೇಳಿಬಿಡಬೇಕೆಂದು ಬಾಯಿತುದಿಗೆ ಬಂದರೂ ಹೇಳಲಿಲ್ಲ. ಅವಳ ಗಿರಾಕಿಗಳು ಒಬ್ಬೊಬ್ಬರೇ ಮರಳಿ ಬರುತ್ತಿದ್ದರು. ಮೇಷ್ಟ್ರ ಹೆಂಡತಿ ಕೂಡ ಒಂದು ದಿನ ಬಂದು, ಕಿವಿರು ಎತ್ತಿ ನೋಡಿ, ಅರ್ಧ ಕಿಲೋ ಕೊಂಡು ಹೋದರು. ಅಂದು ಮುತ್ತಕ್ಕ ಬೂದಿ ಹಾಕಿ ಕೈ ಉಜ್ಜಲಿಲ್ಲ.

ಅಧಿಕಾರಿ ಬಂದದ್ದು ಹದಿನೈದನೆಯ ದಿನ, ಬೆಳಿಗ್ಗೆ ಎಂಟಕ್ಕೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಜೊತೆಗೆ ಶ್ರೀನಿಧಿ. ಮಾರ್ಕೆಟ್ಟಿನ ಕಟ್ಟೆಯಲ್ಲಿ ಮುತ್ತಕ್ಕ ತೊಳೆದ ಸೀರೆಯುಟ್ಟು, ಬಾಳೆಲೆಯ ಮೇಲೆ ಬಂಗುಡೆಯನ್ನು ಸಾಲಾಗಿ ಜೋಡಿಸಿ ಕೂತಿದ್ದಳು. ಅಚ್ಯುತ ಪಕ್ಕದಲ್ಲೇ ನಿಂತಿದ್ದ. ಮೀನು ನೋಡಿದರೆ ಯಾರಾದರೂ ಒಪ್ಪಲೇಬೇಕು ಎಂಬ ಧೈರ್ಯ ಅವನಿಗಿತ್ತು.

ಅಧಿಕಾರಿ ಮೀನು ನೋಡಲಿಲ್ಲ, ಟ್ಯಾಬ್ ನೋಡಿದ.

"ಏನಮ್ಮಾ ಇದು? ನೋಟಿಸ್ ಕೊಟ್ಟ ಮೇಲೂ ಹನ್ನೆರಡು ದಿನ ಬರೀ ನಾಲ್ಕನೇ ನಂಬರ್ ಮೀನೇ ತಗೊಂಡಿದ್ದೀಯ? ಇವತ್ತಿಂದೂ ನಾಲ್ಕೇ. ಸರಪಳಿಯಲ್ಲಿ ಎಲ್ಲಾ ಇದೆ."

ಮುತ್ತಕ್ಕ ತಮ್ಮನ ಕಡೆ ತಿರುಗಿದಳು. ಅಚ್ಯುತ ಮೀನು ಬೇಗ ತಲುಪಲಿ ಎಂದಷ್ಟೇ ಲೆಕ್ಕ ಹಾಕಿದ್ದ. ತಾನು ಹೇಳಿದ ಒಂದೊಂದು 'ನಾಲ್ಕು' ಕೂಡ ಅಕ್ಕನ ಹೆಸರಿನ ಮುಂದೆ ಅಳಿಸಲಾಗದಂತೆ ಕೂರುತ್ತದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಸಾರ್, ಅದ್ ನಾನ್ ಹೇಳಿದ್ ಸುಳ್ಳ್," ಎಂದ ಅಚ್ಯುತ. "ಮೀನ್ ಒಂದನೇ ನಂಬರಿಂದೇ. ಬೇಗ ವ್ಯಾಪಾರ ಆಯ್ಲಿ ಅಂತ ನಾಲ್ಕ್ ಅಂತ ಹೇಳ್ದೆ. ಹನ್ನೆರಡ್ ದಿನವೂ ಹೇಳ್ದೆ. ತಪ್ಪ್ ನಂದ್. ಅಕ್ಕಂಗ್ ಎಂತದೂ ಗೊತ್ತಿಲ್ಲ."

ಸುತ್ತಲಿನ ಹೆಂಗಸರು ಕತ್ತು ಚಾಚಿದರು. ಅಚ್ಯುತನ ಮೂಗು ಸುಳ್ಳು ಹೇಳಿದೆ! ಶ್ರೀನಿಧಿಯ ಮುಖ ಬಿಳುಚಿತು. ಅಧಿಕಾರಿ ಮಾತ್ರ ನಕ್ಕುಬಿಟ್ಟ.

"ಅಕ್ಕನ್ನ ಉಳಿಸೋಕೆ ತಮ್ಮ ಹೇಳ್ತಾನೆ, ನಾನು ಬರ್ಕೊಳ್ಳೋದಾ? ನಿಮ್ಮ ಬಾಯಿ ಮಾತು ಇವತ್ತು ಒಂದಾಗತ್ತೆ, ನಾಳೆ ನಾಲ್ಕಾಗತ್ತೆ. ಸರಪಳಿ ಬದಲಾಗಲ್ಲ."

"ಸರಪಳಿಗೂ ನನ್ ಬಾಯ್ ಮಾತೇ ಹೋದ್ದ್ ಸಾರ್!"

"ಅದೆಲ್ಲ ನಂಗೆ ಬೇಡ."

"ಆಯ್ತ್, ಬ್ಯಾಡ. ಮೀನ್ ಇಲ್ಲೇ ಇತ್ತಲ್ದಾ? ಒಂದ್ ಸಲ ಮೂಸಿ ಕಾಣಿ. ಅಷ್ಟೇ ಸಾಕ್." ಅಚ್ಯುತ ಎರಡೂ ಕೈಯಲ್ಲಿ ಒಂದು ಬಂಗುಡೆಯನ್ನು ಎತ್ತಿ ಹಿಡಿದ. ಅವನ ಕೈಯಲ್ಲಿ ಅದು ಹೊಳೆಯಿತು, ಅದರಿಂದ ಬೆಳಗಿನ ಸಮುದ್ರದ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಅಧಿಕಾರಿ ಒಮ್ಮೆ ಟ್ಯಾಬ್ ನೋಡಿದ, ಒಮ್ಮೆ ಮೀನು ನೋಡಿದ. ಅರ್ಧ ಬಗ್ಗಿದವನು ಚಟಕ್ಕನೆ ಹಿಂದೆ ಸರಿದು ಜೇಬಿನಿಂದ ಕರ್ಚೀಫು ಎಳೆದು ಮೂಗಿಗೆ ಒತ್ತಿಕೊಂಡ.

"ಥೂ! ಏನು ನಾತ ಮಾರಾಯ! ತೆಗಿ ಆಚೆ!"

ಅಚ್ಯುತ ಅವನ ಮುಖವನ್ನೇ ದಿಟ್ಟಿಸಿದ. ಅದು ನಟನೆಯಾಗಿರಲಿಲ್ಲ. ಅಧಿಕಾರಿಗೆ ನಿಜವಾಗಿಯೂ ವಾಕರಿಕೆ ಬಂದಿತ್ತು, ಕಣ್ಣಲ್ಲಿ ನೀರು ಕೂಡ ತುಂಬಿತ್ತು. ಪಕ್ಕದಲ್ಲಿದ್ದ ಶ್ರೀನಿಧಿ ಒಂದು ಕ್ಷಣ ಅನುಮಾನಿಸಿದ, ಮೂಗನ್ನು ಸ್ವಲ್ಪ ಮುಂದೆ ತಂದ, ಪರದೆಯ ಮೇಲಿನ ನಾಲ್ಕನ್ನು ಓದಿದ, ಅವನ ಕೈಯೂ ಮೆಲ್ಲಗೆ ಮೂಗಿಗೆ ಹೋಯಿತು. ಕೊಳೆತ ಬಂಗುಡೆಗೆ, ಭೋಜಣ್ಣನ ಮಾತಿಗೆ, ತನ್ನದೇ ಸುಳ್ಳಿಗೆ ಇಷ್ಟು ದಿನ ಅಚ್ಯುತ ಹೇಸಿದ್ದ. ಆದರೆ ತನ್ನ ಮುಖದ ಮೇಲಿರುವ ಮೂಗನ್ನೇ ನಂಬದ ಮನುಷ್ಯನನ್ನು ಕಂಡು ಆದ ಹೇಸಿಗೆ ಅದೆಲ್ಲಕ್ಕಿಂತ ಮೇಲಿನದಾಗಿತ್ತು.

ಜಾಗ ಹೋಯಿತು. ಅಧಿಕಾರಿ ಅಲ್ಲೇ ಬರೆದು, ಅಲ್ಲೇ ಸರಪಳಿಗೆ ಸೇರಿಸಿದ. ಅಚ್ಯುತನ ಕೆಲಸವೂ ಅದರ ಜೊತೆಗೇ ಹೋಯಿತು. ಮುತ್ತಕ್ಕ ನುಣ್ಣಗಿನ ಕಲ್ಲನ್ನು ಒಮ್ಮೆ ಅಂಗೈಯಿಂದ ಸವರಿ ಎದ್ದಳು, ಬಾಳೆಲೆ ಸಮೇತ ಮೀನನ್ನು ಬುಟ್ಟಿಗೆ ತುಂಬಿಕೊಂಡಳು.

"ಒಂದ್ ಕೈ ಕೊಡ್," ಎಂದಳು. ಅಚ್ಯುತ ಬುಟ್ಟಿಯನ್ನು ಎತ್ತಿ ಅವಳ ತಲೆಗಿಟ್ಟ.

"ಅಕ್ಕ, ನಾ ನಿನ್ನ..."

"ಸುಮ್ನೆ ಬಾ. ಬಿಸ್ಲ್ ಏರತ್ತ್, ಮೀನ್ ಕಾಯತ್ತ್."

ಇಬ್ಬರೂ ಊರೊಳಗಿನ ದಾರಿ ಹಿಡಿದರು. ಅವಳು ಹುಡುಗಿಯಾಗಿದ್ದಾಗ ಹೋಗುತ್ತಿದ್ದ ಹಾಗೆ ಮನೆ ಮನೆಯ ಮುಂದೆ ನಿಂತು ಕೂಗಿದಳು. ನಾಲ್ಕನೆಯ ಮನೆಯಲ್ಲಿ ಮೇಷ್ಟ್ರ ಹೆಂಡತಿ ಗೇಟು ತೆರೆದರು. ಮಾರ್ಕೆಟ್ಟಿನ ಸುದ್ದಿ ಆಗಲೇ ಅಲ್ಲಿಗೆ ತಲುಪಿತ್ತು ಎಂಬುದು ಅವರ ಮುಖದಲ್ಲೇ ಇತ್ತು. ಅವರು ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಮೂಗಿನ ಹತ್ತಿರ ತಂದು ನಿಧಾನವಾಗಿ ಮೂಸಿದರು.

"ಎಷ್ಟ್ ಮುತ್ತಕ್ಕ?"

"ಮುನ್ನೂರ್."

"ಎಂತ ಮರಾಯ್ತಿ, ಬಾಯಿಗ್ ಬಂದಾಂಗ್ ಹೇಳ್ತ್ಯಲ್ಲ! ನೂರೈವತ್ತ್ ಕೊಡ್ತೆ."

ಮುತ್ತಕ್ಕ ಬುಟ್ಟಿ ಮುಚ್ಚಿ ಏಳುವಂತೆ ಮಾಡಿದಳು. ಅವರು ಗೇಟು ಹಾಕುವಂತೆ ಮಾಡಿದರು. ಒಬ್ಬರನ್ನೊಬ್ಬರು ಎರಡು ಮಾತು ಬೈದುಕೊಂಡರು. ಒಂದು ನಿಮಿಷವೂ ಹಿಡಿಯಲಿಲ್ಲ, ಇನ್ನೂರಿಪ್ಪತ್ತಕ್ಕೆ ಮುಗಿಯಿತು. ಮೇಷ್ಟ್ರ ಹೆಂಡತಿ ಒಳಗಿನಿಂದ ಪಾತ್ರೆ ತಂದರು.